ಅಳದ ಕೂಸು ಮೊದಲು


☸️ *ಇಂದಿನ ಧಮ್ಮ ಚಿಂತನೆ* ☸️



ಕಳೆದ ಮಳೆಗಾಲದ ಒಂದು ಸಂಜೆ ನನ್ನ ನಾಲ್ಕು ವರ್ಷದ ಮೊಮ್ಮಗ ಮೆಟ್ಟಿಲಿನಿಂದ ಬಿದ್ದು ಹಣೆ ಒಡೆದುಕೊಂಡ. ಶುಭ್ರ ಬಟ್ಟೆ ಒತ್ತಿ ಹಿಡಿದು, ಆಟೋ ಹತ್ತಿ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿದೆವು. ಸಿಸ್ಟರ್ ಗಾಯ ನೋಡಿದರು. ಪ್ರಜ್ಞೆ ತಪ್ಪಿತ್ತಾ, ವಾಂತಿ ಆಯಿತಾ ಎಂದು ಕೇಳಿದರು. ಪಟ್ಟಿ ಕಟ್ಟಿ, "ಕೂತ್ಕೊಳ್ಳಿ, ಕರೀತೀವಿ" ಎಂದರು. ಹುಡುಗ ಸೂರು ಹಾರಿಹೋಗುವಂತೆ ಅಳುತ್ತಿದ್ದ.

ಅರ್ಧ ಗಂಟೆ ಕಳೆಯಿತು. ಒಬ್ಬ ತಾಯಿ ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಬಂದಳು. ಕೂಸು ಅಳುತ್ತಿರಲಿಲ್ಲ. ಸಿಸ್ಟರ್ ಅದರ ಮುಖ ನೋಡಿದ್ದೇ ತಡ, ಎತ್ತಿಕೊಂಡು ಒಳಗೆ ಓಡಿದರು.

ನನ್ನ ಮೈ ಉರಿಯಿತು. ನಮ್ಮನ್ನು ಮತ್ತೆ ಹಿಂದಕ್ಕೆ ತಳ್ಳಿದರು ಎಂದುಕೊಂಡೆ. ಎದ್ದು ಹೋಗಿ ಜಗಳ ತೆಗೆದೆ.

ಸಿಸ್ಟರ್ ಸಿಟ್ಟಾಗಲಿಲ್ಲ. "ಅಜ್ಜಾ, ನಿಮ್ಮ ಮೊಮ್ಮಗ ಎಷ್ಟು ಜೋರಾಗಿ ಅಳ್ತಿದಾನೆ ನೋಡಿ. ಅಷ್ಟು ಅಳೋಕೆ ಉಸಿರು ಬೇಕು, ಶಕ್ತಿ ಬೇಕು. ಆ ಕೂಸಿಗೆ ಅಳೋಕೂ ಆಗ್ತಿಲ್ಲ" ಎಂದರು.

ಎರಡು ದಿನದಿಂದ ಆ ಕೂಸಿಗೆ ಭೇದಿ. ನೀರು ಕುಡಿಸಿದರೆ ಇನ್ನೂ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದರಂತೆ. ದೃಷ್ಟಿ ತೆಗೆದು, ತಾಯತ ಕಟ್ಟಿಸಿ, ಕೊನೆಗೆ ಕಣ್ಣು ಗುಳಿಬಿದ್ದ ಮೇಲೆ ಆಸ್ಪತ್ರೆಗೆ ತಂದಿದ್ದರು. ಆಕೆ ಯಾವ ಕೇರಿಯವಳೋ ನನಗೆ ಗೊತ್ತಿಲ್ಲ. ಸಿಸ್ಟರ್ ಕೂಡ ಕೇಳಲಿಲ್ಲ.

ಬಂಧುಗಳೇ, ನನ್ನ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಕಾಠಿಯಾವಾಡದ ಅಸ್ಪೃಶ್ಯ ಶಿಕ್ಷಕನೊಬ್ಬನ ಪತ್ರ 1929ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದಿತ್ತು. ಬಾಬಾಸಾಹೇಬರು ಅದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ದಾಖಲಿಸಿದ್ದಾರೆ. ಅವನ ಬಾಣಂತಿ ಹೆಂಡತಿಗೆ ಉಸಿರಾಟ ಕಷ್ಟವಾಗಿತ್ತು. ವೈದ್ಯ ಕೇರಿಯೊಳಗೆ ಬರಲಿಲ್ಲ, ಅವಳನ್ನು ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅದು ಗಂಡನ ಕೈಗೆ, ಅಲ್ಲಿಂದ ಅವಳಿಗೆ ಹೋಗಿ, ಹಾಗೆಯೇ ಹಿಂದಿರುಗಿತು. ಆಕೆ ಉಳಿಯಲಿಲ್ಲ. ಆ ಥರ್ಮಾಮೀಟರ್ ಇಂದಿಗೂ ನಮ್ಮ ನೆನಪಿನಲ್ಲಿದೆ. ಅನ್ಯಾಯ ಕಂಡಲ್ಲಿ ಕೇಳಲೇಬೇಕು. ಆದರೆ ಅಂದು ನಾನು ಕಂಡದ್ದು ಅನ್ಯಾಯವಲ್ಲ. ಅದು ಧಮ್ಮವೇ ಆಗಿತ್ತು.

ಬಾಬಾಸಾಹೇಬರು 1956ರಲ್ಲಿ ಬಿಬಿಸಿ ಭಾಷಣದಲ್ಲಿ ತಮಗೆ ಬುದ್ಧ ಧಮ್ಮ ಏಕೆ ಮೆಚ್ಚುಗೆ ಎಂದು ಹೇಳುತ್ತ ಮೂರು ತತ್ವಗಳನ್ನು ಹೆಸರಿಸಿದರು: ಪ್ರಜ್ಞೆ, ಕರುಣೆ, ಸಮತೆ. ಮೂರನ್ನೂ ನಾನು ಆ ಬೆಂಚಿನ ಮೇಲೆ ಕೂತು ನೋಡಿದೆ.

*ಸಮತೆ* ಎಂದರೆ ಎಲ್ಲರಿಗೂ ಒಂದೇ ಸಾಲು ಎಂದಲ್ಲ. ಯಾರ ಜೀವ ಹೆಚ್ಚು ಅಪಾಯದಲ್ಲಿದೆಯೋ ಅವರಿಗೆ ಮೊದಲ ಕೈ. ಮೀಸಲಾತಿಯ ಅರ್ಥ ಬಲ್ಲ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕೆ?

*ಕರುಣೆ* ಎಂದರೆ ಮುಟ್ಟುವುದು. ಹೊಟ್ಟೆ ಕೆಟ್ಟು ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಭಗವಾನ್ ಬುದ್ಧರು ಆನಂದನೊಡನೆ ಸೇರಿ ತಾವೇ ತೊಳೆದು ಮಂಚದ ಮೇಲೆ ಮಲಗಿಸಿದರು. ತಮ್ಮ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದು ಸಂಘಕ್ಕೆ ತಿಳಿಸಿದರು. ಅದೇ ಕಾಯಿಲೆಯ ಕೂಸನ್ನು ಸಿಸ್ಟರ್ ಎದೆಗವಚಿಕೊಂಡು ಓಡಿದ್ದರು.

*ಪ್ರಜ್ಞೆ* ಎಂದರೆ ಕಾರಣ ತಿಳಿಯುವುದು. ಭೇದಿಯಾದಾಗ ಮೈಯಿಂದ ಹೋಗುವುದು ನೀರು ಮತ್ತು ಲವಣ. ಅದನ್ನು ತಾಯತ ತುಂಬಿಕೊಡಲಾರದು. ಬಾಬಾಸಾಹೇಬರು ಮತ್ತು ಮಾತೆ ರಮಾಬಾಯಿ ನಾಲ್ಕು ಮಕ್ಕಳನ್ನು ಕಳೆದುಕೊಂಡರು, ಉಳಿದವರು ಯಶವಂತರೊಬ್ಬರೇ. ಅಂದು ಇಲ್ಲದ ಔಷಧಿ ಇಂದು ಅಂಗನವಾಡಿಯಲ್ಲೂ ಸಿಗುತ್ತದೆ. ಆದ್ದರಿಂದ ಇವಿಷ್ಟು ಮನೆಯವರೆಲ್ಲರಿಗೂ ಗೊತ್ತಿರಲಿ:

🔹 *ಭೇದಿ:* ಒಂದು ದೊಡ್ಡ ಓಆರ್‌ಎಸ್ ಪೊಟ್ಟಣಕ್ಕೆ 1 ಲೀಟರ್ ಶುದ್ಧ ನೀರು. ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಂಕಾದರೆ, ಕುಡಿಯದಿದ್ದರೆ ತಕ್ಷಣ ಆಸ್ಪತ್ರೆಗೆ.
🔹 *ಜ್ವರದ ಫಿಟ್ಸ್:* ಇದು ಬಾಲಗ್ರಹವಲ್ಲ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಬೇಡ, ಬರೆ ಖಂಡಿತ ಬೇಡ. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ ವೈದ್ಯರಿಗೆ ತೋರಿಸಿ.
🔹 *ಸುಟ್ಟ ಗಾಯ:* 20 ನಿಮಿಷ ನಲ್ಲಿಯ ತಣ್ಣೀರು. ಪೇಸ್ಟ್, ಇಂಕು, ಅರಿಸಿನ ಬೇಡ.
🔹 *ಉಸಿರು:* ಉಸಿರು ಜೋರಾಗಿ ಓಡುತ್ತಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಆ ರಾತ್ರಿ ಮೊಮ್ಮಗನಿಗೆ ನಾಲ್ಕು ಹೊಲಿಗೆ ಬಿದ್ದವು. ಹೊರಡುವ ಹೊತ್ತಿಗೆ ಒಳಗಿನಿಂದ ಸಣ್ಣ ಅಳು ಕೇಳಿಸಿತು. ಡ್ರಿಪ್ ಹಾಕಿದ್ದ ಆ ಕೂಸು ಅಳುತ್ತಿತ್ತು. ಸಿಸ್ಟರ್ ನನ್ನ ಕಡೆ ನೋಡಿ ನಕ್ಕರು. ನಾನು ಕೈಮುಗಿದೆ.

*ಇಂದಿನ ಸಂಕಲ್ಪ:* ನಮ್ಮ ಕೇರಿಯ ಒಂದು ಮನೆಗೆ ಹೋಗಿ, ಚಿಕ್ಕ ಮಕ್ಕಳಿರುವ ಒಬ್ಬ ತಾಯಿಗೆ ಓಆರ್‌ಎಸ್ ಕಲಸುವುದನ್ನು ಕಲಿಸುತ್ತೇನೆ.

ಸಾಧು! ಸಾಧು! ಸಾಧು! 🙏