ಉಳಿದ ಹನ್ನೆರಡು ಮೀಟರ್ ಯಾರದ್ದು?

ಹಳೇ ಗಾಡಿ ಇಟ್ಟುಕೊಂಡಿರೋರ ನಡುವೆ ಒಮ್ಮೆ ಎಬಿಎಸ್ ಮಾತು ತೆಗೆದು ನೋಡಿ. ಸಾಮಾನ್ಯವಾಗಿ ಎರಡು ಥರದ ಉತ್ತರ ಬರುತ್ತೆ. "ಅಯ್ಯೋ, ಅದಿಲ್ಲದೆ ಹೈವೇಗೆ ಹೋಗ್ತೀರಾ? ಮೊದಲು ಮಾರಿಬಿಡಿ" ಅನ್ನೋದು ಒಂದು. "ನಮ್ಮಪ್ಪ ಮೂವತ್ತು ವರ್ಷ ಓಡಿಸಿಲ್ವಾ? ಕಾಲಲ್ಲಿ ಹದ ಇದ್ರೆ ಸಾಕು, ಬ್ರೇಕಿಗೂ ಕಂಪ್ಯೂಟರ್ ಬೇಕಾ?" ಅನ್ನೋದು ಇನ್ನೊಂದು. ಮೊದಲನೇ ಪಾರ್ಟಿಯವರು ಹೆಚ್ಚಾಗಿ ಹೊಸ ಕಾರಿನ ಇಎಂಐ ಕಟ್ಟುತ್ತಿರುತ್ತಾರೆ, ಎರಡನೇ ಪಾರ್ಟಿಯವರ ಮನೆ ಮುಂದೆ ಒಂದು ಆರ್‌ಎಕ್ಸ್ 100 ನಿಂತಿರುತ್ತೆ. ಇಬ್ಬರೂ ತಮ್ಮ ತಮ್ಮ ಗಾಡಿಯ ಪರ ವಕಾಲತ್ತು ಮಾಡುತ್ತಿರುತ್ತಾರೆ ಅಷ್ಟೇ.

ಆದರೆ ಇಬ್ಬರೂ ಒಂದು ವಿಷಯದಲ್ಲಿ ಒಂದೇ. ಇಬ್ಬರೂ ಮಾತಾಡೋದು ತಮ್ಮ ಸುರಕ್ಷತೆ ಬಗ್ಗೆ. ಸೀಟ್ ಬೆಲ್ಟ್ ಬಗ್ಗೆಯೋ ಹೆಲ್ಮೆಟ್ ಬಗ್ಗೆಯೋ ಆಗಿದ್ದರೆ ಇದು ಸರಿ. ಅವು ಹಾಕಿಕೊಂಡವರನ್ನು ಕಾಯುತ್ತವೆ. ಬ್ರೇಕಿನ ಕೆಲಸ ಬೇರೆ ಥರದ್ದು. ಅದು ಕೂತಿರೋದು ನನ್ನ ಗಾಡಿಯಲ್ಲಿ, ದುಡ್ಡು ಕೊಟ್ಟವನು ನಾನು, ಆದರೆ ಅರ್ಧಕ್ಕರ್ಧ ಸಲ ಅದು ಕೆಲಸ ಮಾಡೋದು ಮುಂದೆ ರಸ್ತೆ ದಾಟುತ್ತಿರೋ ಅಜ್ಜಿಗೆ, ಸಿಗ್ನಲ್‌ನಲ್ಲಿ ನಿಂತಿರೋ ಡೆಲಿವರಿ ಹುಡುಗನಿಗೆ. ಅವರನ್ನು ಈ ಚರ್ಚೆಗೆ ಯಾರೂ ಕರೆದಿಲ್ಲ. ಹಳೇ ಗಾಡಿಗೆ ಎಬಿಎಸ್ ಬೇಕೋ ಬೇಡವೋ ಅನ್ನೋ ಪ್ರಶ್ನೆಯನ್ನು ಅವರ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತೆ ಅನ್ನೋದೇ ಈ ಬರಹ.

ಮೊದಲು ಎಬಿಎಸ್ ಏನು ಮಾಡುತ್ತೆ ಅಂತ ನೋಡೋಣ. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದರೆ ಚಕ್ರ ನಿಂತುಬಿಡುತ್ತೆ, ಗಾಡಿ ಮಾತ್ರ ನಿಲ್ಲಲ್ಲ, ಜಾರಿಕೊಂಡು ಹೋಗುತ್ತೆ. ಮುಂದಿನ ಚಕ್ರ ಲಾಕ್ ಆದಮೇಲೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಹೋಗುತ್ತೆ. ಎಬಿಎಸ್ ಇರುವ ಗಾಡಿಯಲ್ಲಿ ಚಕ್ರದ ವೇಗ ಅಳೆಯುವ ಸೆನ್ಸರ್‌ಗಳಿರುತ್ತವೆ. ಚಕ್ರ ಲಾಕ್ ಆಗೋ ಹಂತಕ್ಕೆ ಬಂತು ಅಂದ ಕೂಡಲೇ ಬ್ರೇಕಿನ ಒತ್ತಡ ಬಿಟ್ಟು, ಮತ್ತೆ ಹಿಡಿದು, ಹೀಗೆ ಸೆಕೆಂಡಿಗೆ ಹಲವಾರು ಸಲ ಮಾಡುತ್ತೆ. ಹಳೇ ಕಾಲದ ಲಾರಿ ಡ್ರೈವರುಗಳು ಕಾಲಿನಲ್ಲಿ ಬ್ರೇಕನ್ನು ಪಂಪ್ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಆದರೆ ಯಾವ ಮನುಷ್ಯನ ಕಾಲಿಗೂ ಆಗದಷ್ಟು ವೇಗವಾಗಿ, ಅದೂ ಒಂದೊಂದು ಚಕ್ರವನ್ನು ಗಮನಿಸುತ್ತಾ.

ಇದರಿಂದ ಆಗುವ ದೊಡ್ಡ ಲಾಭ, ಬ್ರೇಕ್ ಒತ್ತಿಕೊಂಡೇ ಗಾಡಿಯನ್ನು ಪಕ್ಕಕ್ಕೆ ತಿರುಗಿಸಬಹುದು. ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರವೂ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಬೆಂಗಳೂರಿನ ಏಪ್ರಿಲ್ ತಿಂಗಳ ಮೊದಲ ಮಳೆ ನೆನಪು ಮಾಡಿಕೊಳ್ಳಿ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ನೀರಿಗೆ ಕಲೆತು ರಸ್ತೆ ಸೋಪು ಸವರಿದ ಹಾಗಿರುತ್ತೆ. ಅಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಹಾಗಂತ ಎಲ್ಲಾ ಕಡೆ ಗೆಲುವಲ್ಲ. ಜಲ್ಲಿ, ಮರಳು, ಸಡಿಲ ಮಣ್ಣಿನ ಮೇಲೆ ಲಾಕ್ ಆದ ಚಕ್ರವೇ ಮುಂದೆ ಮಣ್ಣು ಗುಡ್ಡೆ ಮಾಡಿಕೊಂಡು ಬೇಗ ನಿಲ್ಲುತ್ತೆ. ಎಬಿಎಸ್ ಇದ್ದರೆ ಇನ್ನೂ ಸ್ವಲ್ಪ ಮುಂದೆ ಹೋಗಬಹುದು. ಊರಿನ ಕಚ್ಚಾ ರಸ್ತೆಯಲ್ಲಿ ಓಡಿಸೋರು "ಇದು ನಿಲ್ಲಲ್ಲ ಕಣ್ರೀ" ಅಂದರೆ ನಗಬೇಡಿ, ಅವರ ಮಾತಲ್ಲಿ ಅರ್ಥ ಇದೆ.

ಇನ್ನು 'ಹಳೇ ಗಾಡಿ' ಅಂದ ತಕ್ಷಣ ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನೋ ಅಜ್ಜನ ಅಂಬಾಸಿಡರನ್ನೋ ಕಲ್ಪಿಸಿಕೊಳ್ಳಬೇಕಿಲ್ಲ. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ಬಂದದ್ದು 1978ರಲ್ಲಿ. ನಮ್ಮಲ್ಲಿ ಹೊಸ ಕಾರುಗಳಿಗೂ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೂ ಅದು ಕಡ್ಡಾಯವಾಗಿದ್ದು 2019ರ ಏಪ್ರಿಲ್ ಹೊತ್ತಿಗೆ. ನಾಲ್ಕು ದಶಕದ ಅಂತರ. ಅಲ್ಲಿಯವರೆಗೆ ಇಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಅಲಾಯ್ ವೀಲ್, ಮ್ಯೂಸಿಕ್ ಸಿಸ್ಟಂ ಜೊತೆ ಎಬಿಎಸ್ಸೂ 'ಟಾಪ್ ವೇರಿಯೆಂಟ್'ನ ಒಂದು ಸೌಕರ್ಯವಾಗಿತ್ತು. ಹಾಗಾಗಿ ನಿಮ್ಮ ಕಸಿನ್ ಮೊನ್ನೆ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 2016ರ ಬೇಸ್ ಮಾಡೆಲ್ ಕೂಡ ಈ ಲೆಕ್ಕದಲ್ಲಿ ಹಳೇ ಗಾಡಿಯೇ. ಆಮೇಲೆ ಹಾಕಿಸ್ಕೊಳ್ಳೋಣ ಅಂದರೆ ಅದು ಸ್ಟೀರಿಯೋ ಹಾಕಿಸಿದ ಹಾಗಲ್ಲ. ಸೆನ್ಸರ್, ಹಲ್ಲಿನ ರಿಂಗು, ಮಾಡ್ಯೂಲ್, ಪೈಪು ಎಲ್ಲಾ ಬೇಕು. ಆ ಗಾಡಿಯ ತೂಕಕ್ಕೆ, ಟೈರಿಗೆ ಹೊಂದಿಸಿದ ಲೆಕ್ಕಾಚಾರವೂ ಬೇಕು. ಮಾಮೂಲಿ ಗ್ಯಾರೇಜಿನಲ್ಲಿ ಆಗೋ ಕೆಲಸ ಅಲ್ಲ.

ಅಂದಮೇಲೆ ಎಬಿಎಸ್ ಇಲ್ಲದ ಗಾಡಿ ಓಡಿಸೋದೇ ತಪ್ಪಾ? ಹಾಗಂತ ತೀರ್ಪು ಕೊಡೋಕೆ ಮುಂಚೆ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಬರೋಣ. 1980ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಒಂದು ಟ್ಯಾಕ್ಸಿ ಕಂಪನಿಯಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಕಾರುಗಳಿಗೆ ಎಬಿಎಸ್ ಇತ್ತು, ಉಳಿದವಕ್ಕೆ ಇರಲಿಲ್ಲ, ಮಿಕ್ಕಿದ್ದೆಲ್ಲಾ ಒಂದೇ. ಕೆಲವು ವರ್ಷಗಳ ಲೆಕ್ಕ ತೆಗೆದಾಗ ಎರಡೂ ಗುಂಪಿನ ಅಪಘಾತಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಪ್ರಯಾಣಿಕರ ಹಾಗೆ ಕೂತು ಗಮನಿಸಿದವರ ವರದಿಯಲ್ಲಿ ಕಾರಣ ಸಿಕ್ಕಿತು. ಎಬಿಎಸ್ ಇದ್ದ ಕಾರಿನ ಡ್ರೈವರುಗಳು ತಿರುವಿನಲ್ಲಿ ಹೆಚ್ಚು ಜೋರಾಗಿ ತಿರುಗಿಸುತ್ತಿದ್ದರು, ಮುಂದಿನ ಗಾಡಿಗೆ ಇನ್ನೂ ಹತ್ತಿರ ಹೋಗುತ್ತಿದ್ದರು. ಒಳ್ಳೆ ಬ್ರೇಕ್ ಸಿಕ್ಕಿತು, ಅದನ್ನು ಅವರು ಖರ್ಚು ಮಾಡಿಬಿಟ್ಟರು.

ಈ ಖರ್ಚಿನ ಲೆಕ್ಕ ಎಷ್ಟು ಬೇಗ ಮುಗಿಯುತ್ತೆ ನೋಡಿ. ಒದ್ದೆ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರೋ ಗಾಡಿ ಬ್ರೇಕ್ ಒತ್ತಿದ ಮೇಲೆ 36 ಮೀಟರ್ ಜಾರಿ ನಿಲ್ಲುತ್ತೆ ಅಂತಿಟ್ಟುಕೊಳ್ಳಿ. ಉದಾರವಾಗಿ ಲೆಕ್ಕ ಹಾಕೋಣ, ಎಬಿಎಸ್ ಅದನ್ನು 24ಕ್ಕೆ ಇಳಿಸಿತು ಅನ್ನೋಣ. 12 ಮೀಟರ್ ಉಳಿತಾಯ. ಸುಮಾರು ಮೂರು ಕಾರಿನ ಉದ್ದ. ಈಗ ಅದೇ ಡ್ರೈವರ್ ಧೈರ್ಯ ಬಂದು 60ರ ಬದಲು 73ರಲ್ಲಿ ಹೋದರೆ? ನಿಲ್ಲುವ ದೂರ ವೇಗದ ವರ್ಗದ ಪ್ರಕಾರ ಏರುತ್ತೆ, ಹಾಗಾಗಿ ಮತ್ತೆ ಹತ್ತಿರತ್ತಿರ 36 ಮೀಟರ್. ಬರೀ 13 ಕಿಲೋಮೀಟರ್ ಜಾಸ್ತಿ ವೇಗಕ್ಕೆ ಇಡೀ ಯಂತ್ರದ ಕೆಲಸ ಸೊನ್ನೆ. ಮೇಲಾಗಿ ಕಣ್ಣು ನೋಡಿ ಕಾಲು ಒತ್ತೋಕೆ ಹಿಡಿಯುವ ಒಂದು ಸೆಕೆಂಡಿನಲ್ಲಿ 60ರ ವೇಗದ ಗಾಡಿ ಸುಮಾರು 17 ಮೀಟರ್ ಹೋಗಿರುತ್ತೆ. ಆ 17 ಮೀಟರಿಗೆ ಜಗತ್ತಿನ ಯಾವ ಎಬಿಎಸ್ಸೂ ಏನೂ ಮಾಡೋಕಾಗಲ್ಲ. ವಾಟ್ಸ್ಯಾಪ್ ನೋಡ್ತಿದ್ದರೆ ಅದು 17 ಹೋಗಿ 34 ಆಗುತ್ತೆ.

ಪ್ರಶ್ನೆ ಇರೋದು ಇಲ್ಲೇ. ಉಳಿದ ಆ 12 ಮೀಟರ್ ಯಾರದ್ದು? ನಾನು ದುಡ್ಡು ಕೊಟ್ಟಿದ್ದೀನಿ, ನನ್ನದು, ಬೇಕಾದರೆ ವೇಗವಾಗಿ ಬದಲಾಯಿಸಿಕೊಳ್ತೀನಿ ಅನ್ನಬಹುದು. ಅದಕ್ಕೆ ಉತ್ತರವನ್ನು ಅಮೆರಿಕದ ಒಂದು ಲೆಕ್ಕ ಸೂಚಿಸುತ್ತೆ ಅಂತ ನನಗನಿಸುತ್ತೆ. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಬಹಳ ವರ್ಷಗಳ ಅಪಘಾತದ ಅಂಕಿಅಂಶ ಕೂಡಿಸಿ 2009ರಲ್ಲಿ ಎಬಿಎಸ್ ಬಗ್ಗೆ ವರದಿ ಕೊಟ್ಟಿತು. ಸಾವಿಲ್ಲದ ಅಪಘಾತಗಳು ಕಾರುಗಳಲ್ಲಿ ಶೇ. 6ರಷ್ಟು ಕಡಿಮೆಯಾಗಿದ್ದವು. ಸಾವಿನ ಅಪಘಾತಗಳಲ್ಲಿ ಮಾತ್ರ ಒಟ್ಟು ಪರಿಣಾಮ ಹೆಚ್ಚುಕಮ್ಮಿ ಸೊನ್ನೆ. ಆದರೆ ಆ ಸೊನ್ನೆಯನ್ನು ಬಿಡಿಸಿ ನೋಡಿದಾಗ, ಪಾದಚಾರಿಗಳಿಗೆ ಗುದ್ದಿ ಸಾವಾಗುವ ಪ್ರಕರಣ ಶೇ. 13ರಷ್ಟು ಇಳಿದಿತ್ತು, ಕಾರೇ ರಸ್ತೆ ಬಿಟ್ಟು ಹೊರಗೆ ಹೋಗಿ ಸಾವಾಗುವ ಪ್ರಕರಣ ಶೇ. 9ರಷ್ಟು ಏರಿತ್ತು. ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು: ಚಕ್ರ ಲಾಕ್ ಆಗದ ಕಾರು ಗಾಬರಿಯಲ್ಲಿ ತಿರುಗಿಸಿದ ಸ್ಟೀರಿಂಗಿಗೂ ವಿಧೇಯವಾಗಿ ತಿರುಗುತ್ತೆ, ಹಳ್ಳದ ಕಡೆಗಾದರೂ ಸರಿ. ಆಮೇಲೆ ಬಂದ ಸ್ಟೆಬಿಲಿಟಿ ಕಂಟ್ರೋಲ್ ಈ ಎರಡನೇ ತೊಂದರೆಯನ್ನು ಬಹಳಷ್ಟು ತಗ್ಗಿಸಿತು. ಆದರೆ ಹಳೇ ಕಾರಿನ ಎಬಿಎಸ್ ಜೊತೆ ಅದು ಇರೋದು ಅಪರೂಪ.

ಅಂದರೆ ಜನ ತಮಗೋಸ್ಕರ ಅಂತ ಕೊಂಡ ಯಂತ್ರ ಮೊದಲು ಕಾದಿದ್ದು ರಸ್ತೆ ದಾಟುತ್ತಿದ್ದವರನ್ನು. ನಮ್ಮ ದೇಶದ ರಸ್ತೆಗೆ ಇದನ್ನು ತಂದು ಇಟ್ಟು ನೋಡಿ. 2022ರಲ್ಲಿ ಇಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ ಅನ್ನುತ್ತೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅದರಲ್ಲಿ ಹತ್ತಿರತ್ತಿರ ಐವರಲ್ಲೊಬ್ಬರು ನಡೆದು ಹೋಗುತ್ತಿದ್ದವರು, ಶೇ. 44ರಷ್ಟು ದ್ವಿಚಕ್ರದವರು. ಕಾರಿನೊಳಗೆ ಕೂತು 12 ಮೀಟರನ್ನು ವೇಗವಾಗಿ ಬದಲಾಯಿಸಿಕೊಳ್ಳೋ ನಾವು ಖರ್ಚು ಮಾಡ್ತಿರೋದು ಇವರ ಪಾಲನ್ನು. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂತಾರಲ್ಲ, ಅದಕ್ಕೆ ಇದು ತೀರಾ ದೂರದ ಸಂಬಂಧಿ ಏನಲ್ಲ.

ಹಾಗಾದರೆ ಎಬಿಎಸ್ ಇಲ್ಲದ ಹಳೇ ಗಾಡಿಯೇ ವಾಸಿ, ಅದು ನಮ್ಮನ್ನು ವಿನಯದಲ್ಲಿ ಇಡುತ್ತೆ ಅನ್ನೋ ವಾದ ಬರುತ್ತೆ. ಕೇಳೋಕೆ ಚೆನ್ನಾಗಿದೆ, ನಂಬೋಕೆ ಕಷ್ಟ. ಆರ್‌ಎಕ್ಸ್ 100 ಓಡಿಸೋ ಹುಡುಗರಲ್ಲಿ ಎಷ್ಟು ಜನ ಡ್ರಮ್ ಬ್ರೇಕ್ ನೆನೆದು ವಿನಯದಿಂದ ಹೋಗುತ್ತಾರೆ ಅಂತ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತರೆ ಗೊತ್ತಾಗುತ್ತೆ. ಬೈಕಿನಲ್ಲಂತೂ ಮುಂದಿನ ಚಕ್ರ ಲಾಕ್ ಆದರೆ ಮುಗೀತು, ಸವಾರ ನೆಲದ ಮೇಲೆ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಒಂದೇ ಮಾಡೆಲ್‌ನ ಬೈಕುಗಳನ್ನು ಹೋಲಿಸಿದಾಗ, ಎಬಿಎಸ್ ಇದ್ದವುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಶೇ. 31ರಷ್ಟು ಕಡಿಮೆ ಇತ್ತು. ಎರಡು ಚಕ್ರದ ವಿಷಯದಲ್ಲಿ ನಾಸ್ಟಾಲ್ಜಿಯಾಗೆ ವಾದವೇ ಇಲ್ಲ. ಹಳೇ ಬೈಕನ್ನು ಪ್ರೀತಿಸಿ, ಬೇಡ ಅನ್ನಲ್ಲ. ಆದರೆ ಅದರ ಕೊರತೆಯನ್ನು ಕೌಶಲ ಅಂತ ಕರೀಬೇಡಿ.

ಇದಕ್ಕಿಂತ ಕಷ್ಟದ್ದು ಮಾರುವಾಗಿನ ಪ್ರಶ್ನೆ. ಗೆಳೆಯರೊಬ್ಬರು ಹನ್ನೆರಡು ವರ್ಷದ ಕಾರು ಮಾರೋಕೆ ಹೊರಟಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಹಳದಿ ದೀಪ ಆರುತ್ತಿರಲಿಲ್ಲ. ಮಾಡ್ಯೂಲ್ ಬದಲಿಸೋಕೆ ಕೇಳಿದ ದುಡ್ಡು ಕಾರಿನ ಬೆಲೆಯ ಮುಂದೆ ಅತಿ ಅನ್ನಿಸುವಷ್ಟಿತ್ತು. "ದೀಪ ಉರಿಯದ ಹಾಗೆ ಮಾಡಿಬಿಡೋಣ ಸಾರ್, ಬ್ರೇಕ್ ಹೇಗೂ ಹಿಡಿಯುತ್ತಲ್ಲ" ಅಂದ ಗ್ಯಾರೇಜಿನವನು. ತಾಂತ್ರಿಕವಾಗಿ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಎಬಿಎಸ್ ಕೆಟ್ಟರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಉಳಿಯುತ್ತೆ.

ಆದರೂ ಅದು ಮೋಸ. ಯಾಕೆಂದರೆ ಎಬಿಎಸ್ ಇಲ್ಲವೇ ಇಲ್ಲ ಅಂತ ಗೊತ್ತಿರೋ ಕಾಲು ಒಂದು ಥರ ಒತ್ತುತ್ತೆ, ಇದೆ ಅಂತ ನಂಬಿರೋ ಕಾಲು ಇನ್ನೊಂದು ಥರ. ಎಬಿಎಸ್ ಇರುವ ಕಾರಿನಲ್ಲಿ ಪಂಪ್ ಮಾಡಬಾರದು, ಪೆಡಲ್ ಅದುರಿದರೂ ಬಿಡದೆ ಪೂರ್ತಿ ಒತ್ತಿ ಹಿಡಿಯಬೇಕು. ಅದನ್ನು ಸರಿಯಾಗಿ ಕಲಿತವನೇ ದೀಪ ಕಿತ್ತ ಕಾರಿನಲ್ಲಿ ಮಳೆಗೆ ಸಿಕ್ಕಿದರೆ ಚಕ್ರ ಲಾಕ್ ಮಾಡಿಕೊಳ್ಳುತ್ತಾನೆ. ಅವನ ಒಳ್ಳೆ ಅಭ್ಯಾಸವೇ ಅವನಿಗೆ ಮುಳ್ಳಾಗುತ್ತೆ. ಒಂದೇ ಮನೆಯಲ್ಲಿ ಒಂದು ಹೊಸದು, ಒಂದು ಹಳೇದು ಓಡಿಸೋರೂ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಗೆಳೆಯರು ಕೊನೆಗೆ ದೀಪ ತೋರಿಸಿ, ವಿಷಯ ಹೇಳಿ, ಬೆಲೆ ಇಳಿಸಿ ಮಾರಿದರು. ಪ್ರಾಮಾಣಿಕ ವ್ಯವಹಾರ, ಮೆಚ್ಚಬೇಕು. ಆದರೆ ಒಂದು ಮಾತು ಕೊರೆಯುತ್ತಲೇ ಇರುತ್ತೆ. ಡಿಸ್ಕೌಂಟ್ ಸಿಕ್ಕಿದ್ದು ಕೊಂಡವನಿಗೆ. ಆ ಕಾರಿನ ಮುಂದೆ ರಸ್ತೆ ದಾಟೋರಿಗೆ ಏನೂ ಸಿಗಲಿಲ್ಲ. ಇಬ್ಬರು ಒಪ್ಪಿ ಮಾಡಿಕೊಂಡ ವ್ಯವಹಾರದಲ್ಲಿ ಅಪಾಯದ ಒಂದು ಪಾಲು ಮೂರನೆಯವರ ಹೆಸರಿಗೆ ಹೋಯಿತು. ನಾವು ಮೇಲಿನ ವೇರಿಯೆಂಟಿಗೆ ಹೋದ ಹಾಗೆಲ್ಲಾ ನಮ್ಮ ಹಳೇ ಬ್ರೇಕುಗಳು ಕಡಿಮೆ ದುಡ್ಡಿರೋರ ಕೈಗೆ, ಇನ್ನಷ್ಟು ಇಕ್ಕಟ್ಟಿನ ರಸ್ತೆಗಳಿಗೆ ಇಳಿಯುತ್ತವೆ. ಎಲ್ಲರೂ ಹೊಸ ಕಾರು ತಗೊಳ್ಳಿ ಅನ್ನೋದು ಉತ್ತರ ಅಲ್ಲ. ಆ ಮಾತಾಡೋ ಹಕ್ಕು ಇಎಂಐ ಕಟ್ಟಬಲ್ಲವರಿಗೆ ಮಾತ್ರ ಇರೋದು.

ನನಗೆ ತೋಚುವ ಉತ್ತರ ಸಣ್ಣದು. ಹಳೇ ಗಾಡಿ ಇದ್ದರೆ ಟೈರ್, ಪ್ಯಾಡ್, ಬ್ರೇಕ್ ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಸವೆದ ಟೈರಿನ ಮೇಲೆ ಎಬಿಎಸ್ಸೂ ಪವಾಡ ಮಾಡಲ್ಲ. ಹಳದಿ ದೀಪ ಹೊತ್ತಿದರೆ ಮೊದಲು ಸೆನ್ಸರ್ ಕ್ಲೀನ್ ಮಾಡಿಸಿ ನೋಡಿ, ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತೆ, ಖರ್ಚೂ ಕಡಿಮೆ. ಮಾರುವಾಗ ಇರೋದನ್ನು ಇದ್ದ ಹಾಗೆ ಹೇಳಿ, ಆಗೋದಾದರೆ ಸರಿ ಮಾಡಿಸಿಯೇ ಮಾರಿ. ಮತ್ತೆ, ಗಾಡಿ ಹೊಸದಿರಲಿ ಹಳೇದಿರಲಿ, ಮುಂದೆ ಮೂರು ಸೆಕೆಂಡಿನ ಜಾಗ ಬಿಡಿ. ಯಂತ್ರ ಕೊಡಲಾರದ ಮೀಟರುಗಳನ್ನು ಕೊಡೋದು ಅದೊಂದೇ.

"ಔಟರ್ ರಿಂಗ್ ರೋಡಲ್ಲಿ ಜಾಗ ಬಿಟ್ಟರೆ ಆಟೋ ನುಗ್ಗುತ್ತೆ" ಅಂತೀರಿ. ಹೌದು, ನುಗ್ಗುತ್ತೆ. ನುಗ್ಗಿದರೆ ಮತ್ತೆ ಸ್ವಲ್ಪ ಹಿಂದೆ ಸರಿಯಿರಿ. ಒಂದೊಂದು ಆಟೋಗೆ ಮೂರು ಸೆಕೆಂಡ್ ಹೋಯಿತು ಅಂದುಕೊಂಡರೂ, ಆಫೀಸು ಮುಟ್ಟೋದರೊಳಗೆ ಇಪ್ಪತ್ತು ಆಟೋ ನುಗ್ಗಿದರೆ ಒಟ್ಟು ನಷ್ಟ ಒಂದು ನಿಮಿಷ.