ಸಿಕ್ಕಲಿಲ್ಲವೆಂದರೆ ಇಲ್ಲವೆಂದೆ?

ಬೀರುವಿನ ಬೀಗದ ಕೈ ಕಳೆದಾಗಲೆಲ್ಲ ನಾನು "ಎಲ್ಲಿಯೂ ಇಲ್ಲ" ಎಂದು ಕೂಗುವುದುಂಟು. ನನ್ನಾಕೆ ಬಂದು, ನಾನು ಹುಡುಕಿ ಬಿಟ್ಟ ಗೂಡಿನಿಂದಲೇ ಅದನ್ನು ತೆಗೆದುಕೊಡುತ್ತಾಳೆ. "ಇಲ್ಲ ಅನ್ನಬೇಡಿ, ಸಿಕ್ಕಲಿಲ್ಲ ಅನ್ನಿ" ಎಂಬುದು ಆಕೆಯ ವಾಡಿಕೆಯ ಮಾತು. ಇದರಲ್ಲಿ ನೀತಿಯ ಪ್ರಶ್ನೆಯೊಂದು ಅಡಗಿದೆಯೆಂದು ನನಗೆ ಹೊಳೆದದ್ದು ಮೊನ್ನೆ, ತಂಗಿಯ ಮಗಳು ಮನೆಗೆ ಬಂದಾಗ.

ಅವಳದು ಪೇಟೆಂಟು ಶೋಧದ ಕೆಲಸ. ಹೊಸ ಔಷಧದ ಅಣುವೊಂದನ್ನು ಕಂಡುಹಿಡಿದೆವೆಂದು ಯಾರಾದರೂ ಬಂದರೆ, ಅದು ನಿಜವಾಗಿ ಹೊಸದೆ, ಯಾರಾದರೂ ಮೊದಲೇ ಹೇಳಿಟ್ಟದ್ದೆ ಎಂದು ಅವಳು ನೋಡಬೇಕು. ಪೇಟೆಂಟು ಸಿಕ್ಕಿದರೆ, ಅರ್ಜಿ ಸಲ್ಲಿಸಿದಂದಿನಿಂದ ಇಪ್ಪತ್ತು ವರ್ಷಗಳ ಏಕಸ್ವಾಮ್ಯ.

ಆರ್‌ಎನ್‌ಎ ಎಂಬುದು ಎ, ಸಿ, ಜಿ, ಯು ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಸಾಲು. ಸಾಲಿಗೆ ಸಾಲು ಹೋಲಿಸಲು ಕಂಪ್ಯೂಟರ್ ಇದೆಯಲ್ಲ, ಕಷ್ಟವೇನು ಎಂದೆ. "ಅಕ್ಷರ ಅದೇ ಇದ್ದು ರಸಾಯನ ಬೇರೆಯಾಗಿದ್ದರೆ, ಮಾವ?" ಎಂದಳು. 2005ರಲ್ಲಿ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ತೋರಿಸಿದ್ದು ಇಂಥದನ್ನೇ. ಯು ಅಕ್ಷರದ ಯೂರಿಡಿನ್ ಬದಲು ಸ್ಯೂಡೊಯೂರಿಡಿನ್ ಇಟ್ಟರೆ, ಹೊರಗಿನಿಂದ ಬಂದ ಆರ್‌ಎನ್‌ಎಯ ಮೇಲೆ ದೇಹ ಎರಗುವುದು ತಗ್ಗುತ್ತದೆ. ಕೋವಿಡ್ ಲಸಿಕೆಗೆ ದಾರಿಮಾಡಿದ ಈ ಕೆಲಸಕ್ಕೆ 2023ರಲ್ಲಿ ನೊಬೆಲ್ ಬಂದಿತು. ಬರೆಯುವಾಗ ಅಕ್ಷರ ಒಂದೇ, ಗುಣ ಬೇರೆ.

ಹಳೆಯ ಪೇಟೆಂಟುಗಳಲ್ಲಿ ಇಂಥ ಮಾರ್ಪಾಟು ಸಾಲಿನಲ್ಲಿ ಕಾಣದೆ, ವಿವರಣೆಯ ನಡುವೆಯೋ ಚಿತ್ರದಲ್ಲಿಯೋ ಅಡಗಿರುವುದುಂಟು. ಈ ಪಟ್ಟಿಗಳನ್ನು ಬರೆಯುವ ಕ್ರಮವನ್ನು ಬಿಗಿಗೊಳಿಸಿದ ಎಸ್‌ಟಿ 26 ಎಂಬ ಅಂತರರಾಷ್ಟ್ರೀಯ ನಿಯಮ ಜಾರಿಯಾದದ್ದು 2022ರ ಜುಲೈ 1ರಂದು. ಮೇಲಾಗಿ, ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳು ಗುಪ್ತವಾಗಿರುತ್ತವೆ. ನಿನ್ನೆ ಯಾರು ಏನು ಸಲ್ಲಿಸಿದರೆಂದು ಯಾವ ಯಂತ್ರವೂ ಹೇಳದು.

ಅವಳು ವರದಿಯ ಕೊನೆಯಲ್ಲಿ "ಹುಡುಕಿದಷ್ಟರಲ್ಲಿ ಸಿಕ್ಕಲಿಲ್ಲ" ಎಂದು ಬರೆದಿದ್ದಳು. ಗಿರಾಕಿಗೆ ಸಮಾಧಾನವಿಲ್ಲ. ಹಣ ಹೂಡುವವರ ಮುಂದಿಡಲು "ಇಲ್ಲ" ಎಂಬ ಪದವೇ ಬೇಕಂತೆ. ಎರಡಕ್ಷರದ ಬದಲಾವಣೆ, ಆದರೂ ಅವಳಿಗೆ ಎರಡು ರಾತ್ರಿ ನಿದ್ದೆಯಿಲ್ಲ.

ನಮ್ಮ ಹಿಂದಿನವರು ಈ ತೊಡಕನ್ನು ಬಲ್ಲರು. ನೆಲದ ಮೇಲೆ ಗಡಿಗೆ ಇಲ್ಲವೆಂದು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಕಾಣದಿರುವುದನ್ನೇ ಒಂದು ಪ್ರಮಾಣವೆಂದರು, ಅನುಪಲಬ್ಧಿಯೆಂದು ಹೆಸರಿಟ್ಟರು. ಆದರೆ ಒಂದು ಕಟ್ಟು ಹಾಕಿದರು: ಇದ್ದಿದ್ದರೆ ಕಾಣುವಂತಿರಬೇಕು. ಬೆಳಕಿನಲ್ಲಿ ಕಾಣದ ಗಡಿಗೆ ಇಲ್ಲ. ಕತ್ತಲಲ್ಲಿ ಕಾಣದ ಗಡಿಗೆ ಇದ್ದರೂ ಇದ್ದೀತು.

ಕತ್ತಲಲ್ಲಿ ಇಲ್ಲವೆಂದುದರ ಫಲ ನಾವು ಕಾಣದ್ದಲ್ಲ. 1995ರಲ್ಲಿ ಅಮೆರಿಕದ ಪೇಟೆಂಟು ಕಚೇರಿ, ಗಾಯಕ್ಕೆ ಅರಿಸಿನ ಬಳಸುವುದನ್ನು ಹೊಸತೆಂದು ಒಪ್ಪಿತು. ನಮ್ಮ ಅಜ್ಜಿಯರ ಅಡಿಗೆಮನೆ ಅವರ ಕಡತದಲ್ಲಿರಲಿಲ್ಲ. ಭಾರತದ ಸಿಎಸ್‌ಐಆರ್ ಸಂಸ್ಥೆ ಹಳೆಯ ಗ್ರಂಥಗಳನ್ನೂ 1953ರ ವೈದ್ಯಪತ್ರಿಕೆಯ ಲೇಖನವನ್ನೂ ಮುಂದಿಟ್ಟ ಮೇಲೆ, 1997ರಲ್ಲಿ ಆ ಪೇಟೆಂಟು ರದ್ದಾಯಿತು. ಆದರೆ ಪ್ರತಿಯೊಂದು ಅಣುವಿನ ಪರವಾಗಿಯೂ ಹೀಗೆ ವಾದಿಸುವವರು ಸಿಕ್ಕುವರೆ? ತಪ್ಪು "ಇಲ್ಲ"ವನ್ನು ನಂಬಿ ಏಕಸ್ವಾಮ್ಯ ಕೊಟ್ಟರೆ, ಕೊನೆಗೆ ಅದರ ಬೆಲೆ ತೆರುವವನು ಔಷಧದಂಗಡಿಯ ಮುಂದೆ ನಿಂತ ರೋಗಿ.

ಹಾಗೆಂದು "ಸಿಕ್ಕಲಿಲ್ಲ" ಎಂಬ ಮಾತೂ ತಾನಾಗಿ ಶುದ್ಧವಲ್ಲ. ಅದು ಸೋಮಾರಿಯ ಮರೆಯೂ ಆಗಬಹುದು. ಅರೆಮನಸ್ಸಿನಿಂದ ಹುಡುಕಿದವನೂ ಅದನ್ನೇ ಹೇಳುತ್ತಾನೆ. ಯಾವ ಮೂಲೆಗೆ ದೀಪ ಹಿಡಿದೆ, ಯಾವ ಮೂಲೆಗೆ ಹಿಡಿಯಲಾಗಲಿಲ್ಲ ಎಂಬ ಎರಡನ್ನೂ ಹೇಳಿದಾಗಲೇ ಅದು ಸತ್ಯದ ತೂಕ ಪಡೆಯುತ್ತದೆ. ನಮ್ಮ ಅಜ್ಞಾನದ ಎಲ್ಲೆಯನ್ನು ಗುರುತಿಸಿ ಹೇಳುವುದೂ ಜ್ಞಾನದ ಒಂದು ಭಾಗವೇ ಅಲ್ಲವೆ?

ಅವಳು ಪದ ಬದಲಿಸಲಿಲ್ಲ. ನೋಡಲಾಗದ ಮೂಲೆಗಳನ್ನು ಪಟ್ಟಿಮಾಡಿ ಒಂದು ಪುಟ ಸೇರಿಸಿದಳು. ಆ ಗಿರಾಕಿ ಮತ್ತೆ ಬರಲಿಲ್ಲವಂತೆ.

ನಾನೂ ಈಗ ಬೀಗದ ಕೈ ಕಳೆದರೆ ಕೂಗುವ ಮೊದಲು ದೀಪ ಹಾಕುತ್ತೇನೆ.