ಹುಟ್ಟುಗುಣ

'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಎಷ್ಟು ಸುಲಭವಾಗಿ ಇನ್ನೊಬ್ಬನ ಹಣೆಬರಹ ಬರೆದುಬಿಡುತ್ತೇವೆ! 1891ರಲ್ಲಿ ಹಾನ್ಸ್ ಡ್ರೀಶ್ ಎಂಬ ಜರ್ಮನ್ ವಿಜ್ಞಾನಿ, ಮುಳ್ಳುಚೆಂಡಿನಂಥ ಕಡಲಜೀವಿ ಸೀ ಅರ್ಚಿನ್ನಿನ ಎರಡು ಕೋಶಗಳ ಭ್ರೂಣವನ್ನು ಕುಲುಕಿ ಬೇರ್ಪಡಿಸಿದ. ಕೂಡಿದ್ದರೆ ಅರ್ಧ ದೇಹವನ್ನಷ್ಟೇ ಕಟ್ಟುತ್ತಿದ್ದ ಒಂದೊಂದು ಕೋಶವೂ, ಚಿಕ್ಕದಾದರೂ ಪೂರ್ಣ ಮರಿಯೇ ಆಯಿತು! ವಂಶವಾಹಿಗಳು ಅವೇ, ಬದಲಾದದ್ದು ನೆರೆಹೊರೆ. ಬೆರಗಾದ ಡ್ರೀಶ್ ಮುಂದೆ ತತ್ತ್ವಶಾಸ್ತ್ರಕ್ಕೇ ಹೊರಳಿದ. (ಅಷ್ಟು ದೂರ ಹೋಗಬೇಕಿರಲಿಲ್ಲವೆನ್ನಿ, ಕೋಶಗಳು ರಾಸಾಯನಿಕ ಸಂಕೇತಗಳಿಂದ ಒಂದನ್ನೊಂದು ತಿದ್ದುವುದು ಈಗ ಗೊತ್ತಿದೆ.)

ಆದರೆ ಅಸಿಡಿಯನ್ ಎಂಬ ಇನ್ನೊಂದು ಕಡಲಜೀವಿಯ ಎರಡು ಕೋಶಗಳಲ್ಲಿ ಒಂದನ್ನು 1887ರಲ್ಲಿ ಫ್ರಾನ್ಸಿನ ಶಾಬ್ರಿ ಚುಚ್ಚಿ ಕೊಂದಾಗ, ಉಳಿದದ್ದು ಅರ್ಧ ಮರಿಯಾಯಿತು. ತಾಯಿ ಮೊಟ್ಟೆಯಲ್ಲಿಟ್ಟ ದ್ರವ್ಯ ಆಗಲೇ ಪಾಲಾಗಿತ್ತು. ಗಾದೆ ಪೂರ್ತಿ ಸುಳ್ಳಲ್ಲ. ಭ್ರೂಣದಿಂದ ನಡತೆಗೆ ನೆಗೆಯುವುದೂ ಸಲ್ಲದು. ಆದರೂ ಒಂದೇ ಭ್ರೂಣ ಸೀಳಿ ಅವಳಿಗಳಿಬ್ಬರು ಹುಟ್ಟುವ ಮನುಷ್ಯಕುಲದಲ್ಲಿ, ಫೇಲಾದ ಹುಡುಗನ ಮೇಲೆ 'ಅವರ ವಂಶವೇ ಹಾಗೆ' ಎಂದು ಷರಾ ಬರೆಯುವುದು ಯಾವ ನ್ಯಾಯ?